ನೆರಿಗೆಯಲ್ಲಿ ಕಳೆದುಹೋದ ತಾವರೆ

ಪರದೆ ಬಟ್ಟೆಯ ಕಸುಬಿನಲ್ಲಿ ಒಂದು ತಪ್ಪನ್ನು ಎಲ್ಲರೂ ಒಮ್ಮೆಯಾದರೂ ಮಾಡುತ್ತಾರೆ. ನಾನು ಮಾಡಿದ್ದು ಒಂಬತ್ತು ವರ್ಷಗಳ ಹಿಂದೆ. ಬೆಂಗಳೂರಿನ ಒಂದು ಮನೆಗೆ ನಾನೇ ಚಿತ್ರ ಬರೆದು, ಚಿತ್ರವನ್ನು ನೇಯ್ಗೆಯಲ್ಲೇ ಮೂಡಿಸುವ ಜಕಾರ್ಡ್ ಮಗ್ಗದಲ್ಲಿ ಬಟ್ಟೆ ನೇಯಿಸಿದ್ದೆ. ದೊಡ್ಡ ತಾವರೆಗಳು. ಒಂದೊಂದು ಹೂವು ಒಂದೂವರೆ ಅಡಿ ಅಗಲ. ಬಟ್ಟೆಯ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿ ಹಾಸಿದಾಗ ಮನೆಯವರು ಕಣ್ಣರಳಿಸಿದರು. ನಾನೂ ಸ್ವಲ್ಪ ಬೀಗಿದೆ ಅನ್ನಿ. ಹೊಲಿಸಿ, ನೆರಿಗೆ ಕೂರಿಸಿ, ರಾಡಿಗೆ ಏರಿಸಿ ನೋಡಿದರೆ ಹೂವೇ ಇಲ್ಲ! ಅಲ್ಲೊಂದು ಅರ್ಧ ಎಸಳು, ಇಲ್ಲೊಂದು ದಂಟಿನ ತುಂಡು. ಆ ಮನೆಯ ಅಜ್ಜಿ ಹತ್ತಿರ ಬಂದು ಮುಟ್ಟಿ ನೋಡಿ, "ಹೊಸ ಬಟ್ಟೆಗೆ ಇದೇನಪ್ಪಾ ಕಲೆ?" ಎಂದರು. ಕನ್ನಡದಲ್ಲಿ ಕಲೆ ಎಂಬುದಕ್ಕೆ ಎರಡು ಅರ್ಥ ಇದೆ, ನಿಜ. ಅಜ್ಜಿ ಹೇಳಿದ್ದು ಯಾವುದು ಎಂದು ನಾನು ಕೇಳಲಿಲ್ಲ.

ಆ ಅವಮಾನದ ನಂತರವೇ ನಾನು ಹಳೆಯ ಜರ್ಮನ್ ಪರದೆ ಬಟ್ಟೆಗಳನ್ನು ಗಮನ ಕೊಟ್ಟು ನೋಡಲು ಶುರು ಮಾಡಿದ್ದು. 1880ರಿಂದ 1933ರವರೆಗಿನ ಸುಮಾರು ಐವತ್ತು ವರ್ಷ. ಕಾಲೇಜಿನಲ್ಲಿ ಆ ಕಾಲದ ಕುರ್ಚಿ, ದೀಪ, ಕಟ್ಟಡ ಎಲ್ಲ ಓದಿರುತ್ತೇವೆ. ಪರದೆಯನ್ನು ಯಾರೂ ಓದಿಸುವುದಿಲ್ಲ. ನನ್ನ ತಾವರೆಗೆ ಏನಾಯಿತು ಎಂಬ ಉತ್ತರ ಇದ್ದದ್ದು ಅಲ್ಲೇ.

ಮೊದಲು ಪ್ಲಾವೆನ್ ಊರಿಗೆ ಹೋಗೋಣ. ಅದು ಸ್ಯಾಕ್ಸನಿಯ ಫೋಗ್ಟ್‌ಲಾಂಡ್ ಎಂಬ ಸೀಮೆಯಲ್ಲಿದೆ. ಕೈಯಲ್ಲಿ ಮಾಡಿದ ಲೇಸ್ ಪರದೆ ಎಂದರೆ ಆಗ ಸಿರಿವಂತರ ಸ್ವತ್ತು. ಒಂದು ಕಿಟಕಿಗಾಗುವಷ್ಟು ಲೇಸ್ ಮಾಡಲು ತಿಂಗಳುಗಟ್ಟಲೆ ಕೂರಬೇಕು. ಮಧ್ಯಮ ವರ್ಗದ ಮನೆಗೂ ಅದು ಬೇಕಿತ್ತು, ಆದರೆ ಕಡಿಮೆ ಬೆಲೆಗೆ. ಆ ಕೆಲಸಕ್ಕೆ ಎರಡು ಬಗೆಯ ಯಂತ್ರಗಳು ಬಂದವು. ಒಂದು ಇಂಗ್ಲೆಂಡಿನದು. ನಾಟಿಂಗ್‌ಹ್ಯಾಮ್‌ನಲ್ಲಿ 1846ರಲ್ಲಿ ಜಾನ್ ಲಿವ್ಸಿ ಕಟ್ಟಿದ ಪರದೆ ಯಂತ್ರ. ನೆಟ್ ಬಟ್ಟೆ, ಅದರೊಳಗಿನ ಚಿತ್ರ ಎರಡೂ ಒಟ್ಟಿಗೆ ಅದರಿಂದ ಇಳಿದು ಬರುತ್ತಿದ್ದವು. ಇನ್ನೊಂದು ಕಸೂತಿ ಯಂತ್ರ. ಫ್ರಾನ್ಸಿನ ಮುಲ್‌ಹೌಸ್ ಊರಿನ ಜೋಶುವಾ ಹೈಲ್‌ಮಾನ್ 1828ರಲ್ಲಿ ಅದನ್ನು ಕಂಡುಹಿಡಿದ. ಪ್ಲಾವೆನ್‌ಗೆ ಅದು ಕಾಲಿಟ್ಟದ್ದು 1850ರ ದಶಕದ ಕೊನೆಗೆ.

ಈ ಕಸೂತಿ ಯಂತ್ರ ಕೆಲಸ ಮಾಡುವ ಬಗೆ ನನಗೆ ಬಹಳ ಇಷ್ಟ. ಚಿತ್ರವನ್ನು ಆರು ಪಟ್ಟು ದೊಡ್ಡದಾಗಿ ಬರೆದು ಹಲಗೆಗೆ ಅಂಟಿಸಿರುತ್ತಾರೆ. ಕೆಲಸಗಾರ ಒಂದು ಮೊನೆಯನ್ನು ಆ ಗೆರೆಯ ಮೇಲೆ ಹೊಲಿಗೆ ಹೊಲಿಗೆಯಾಗಿ ಸರಿಸುತ್ತಾ ಹೋಗುತ್ತಾನೆ. ನಡುವಿನ ಸರಳುಗಳ ಜೋಡಣೆ ಆ ಚಲನೆಯನ್ನು ಆರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಬಟ್ಟೆ ಬಿಗಿದ ಚೌಕಟ್ಟು ಅಷ್ಟೇ ಅಲುಗುತ್ತದೆ. ಸಾಲಾಗಿ ನಿಂತ ನೂರಾರು ಸೂಜಿಗಳು ಒಂದೇ ಬಾರಿಗೆ ಚುಚ್ಚುತ್ತವೆ. ಒಂದು ಕೈ ಬರೆದದ್ದನ್ನು ನೂರು ಸೂಜಿ ಹೊಲಿಯುತ್ತದೆ. ಸೂಜಿಗೆ ಎರಡೂ ಕಡೆ ಚೂಪು, ಕಣ್ಣು ನಡುವಿನಲ್ಲಿ. ಆದರೆ ದಾರ ಮಾತ್ರ ತುಂಡು ತುಂಡು. ಮುಗಿದ ಹಾಗೆಲ್ಲ ಮತ್ತೆ ಪೋಣಿಸಬೇಕು. 1863ರಲ್ಲಿ ಸ್ವಿಸ್ ಇಸಾಕ್ ಗ್ರೋಬ್ಲಿ ಆ ತಾಪತ್ರಯ ತಪ್ಪಿಸಿದ. ಹಿಂಬದಿಯಲ್ಲಿ ಒಂದು ಪುಟ್ಟ ಲಾಳಿ ಇಟ್ಟು, ಹೊಲಿಗೆ ಮಿಷನ್ನಿನ ಹಾಗೆ ದಾರ ನಿಲ್ಲದೆ ಓಡುವಂತೆ ಮಾಡಿದ. ಲಾಳಿ ದೋಣಿಯ ಆಕಾರದಲ್ಲಿತ್ತು. ಹಾಗಾಗಿ ಅವರ ಮಾತಿನಲ್ಲಿ ಅದು ಶಿಫ್ಲಿ, ಅಂದರೆ ಪುಟ್ಟ ದೋಣಿ. ಇವತ್ತಿಗೂ ನಮ್ಮ ಅಂಗಡಿಗಳಲ್ಲಿ "ಶಿಫ್ಲಿ ವರ್ಕ್" ಎಂದು ಕುರ್ತಾ ಬಟ್ಟೆ ಮಾರುತ್ತಾರಲ್ಲ, ಅದೇ.

ಪ್ಲಾವೆನ್‌ನವರು 1880ರ ಸುಮಾರಿಗೆ ಈ ಕಸೂತಿಯನ್ನು ನೆಟ್ ಬಟ್ಟೆಯ ಮೇಲೆ ಕೂರಿಸುವುದನ್ನು ಕಲಿತರು. ಅದಾದ ಮೇಲೆ ಇನ್ನೂ ಚತುರ ಕೆಲಸ ಮಾಡಿದರು. ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಿಂದ ಕಸೂತಿ ಹಾಕಿ, ಆಮೇಲೆ ಇಡೀ ಬಟ್ಟೆಯನ್ನು ರಾಸಾಯನಿಕದಲ್ಲಿ ಅದ್ದಿ ರೇಷ್ಮೆಯನ್ನೇ ಕರಗಿಸಿಬಿಟ್ಟರು. ರೇಷ್ಮೆ ಸೀರೆಗೆ ಸೋಡಾ ತಾಗಿಸಬೇಡ ಎಂದು ನಮ್ಮಮ್ಮಂದಿರು ಬೈಯುತ್ತಿದ್ದುದು ನೆನಪಿದೆಯಾ? ಆ ದೋಷವನ್ನೇ ಇವರು ಕಸುಬು ಮಾಡಿಕೊಂಡರು. ಉಳಿದದ್ದು ಗಾಳಿಯಲ್ಲಿ ನಿಂತ ಬರೀ ಹತ್ತಿಯ ಜಾಲರಿ. ಕೈಯಲ್ಲಿ ಮಾಡಿದ ಲೇಸ್‌ನಂತೆಯೇ ಕಾಣುತ್ತಿತ್ತು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಪ್ಲಾವೆನ್ ಲೇಸ್‌ಗೆ ದೊಡ್ಡ ಬಹುಮಾನವೇ ಸಿಕ್ಕಿತು. ಆ ಚಿತ್ರಗಳನ್ನು ಬರೆದುಕೊಟ್ಟ ನೂರಾರು ನಕ್ಷೆಗಾರರಲ್ಲಿ ಹೆಚ್ಚಿನವರ ಹೆಸರು ಬಟ್ಟೆಯ ಜೊತೆ ಬರಲೇ ಇಲ್ಲ.

ಬಹುಮಾನ ಬಂದದ್ದು ಸರಿ. ಒಬ್ಬ ವಿನ್ಯಾಸಗಾರನಾಗಿ ನನಗೆ ಇಲ್ಲೇ ಒಂದು ಮುಜುಗರ. ಯಂತ್ರ ಇಷ್ಟೆಲ್ಲ ಬುದ್ಧಿ ಓಡಿಸಿದ್ದು ತಾನು ಯಂತ್ರ ಅಲ್ಲ ಎಂದು ನಂಬಿಸುವುದಕ್ಕೆ. ನೋಡುವವರಿಗೆ ಕೈಕೆಲಸ ಎಂದು ಅನಿಸಿದರೆ ಗೆದ್ದ ಹಾಗೆ. ಪಾಲಿಯೆಸ್ಟರ್ ಬಟ್ಟೆಗೆ ಇಳಕಲ್ ಅಂಚು ಹಾಕಿ ಮಾರುವುದನ್ನು ನಾವೂ ನೋಡಿದ್ದೇವೆ, ಅಲ್ವಾ?

ಆ ಕಾಲದ ಕಿಟಕಿಯನ್ನೂ ಸ್ವಲ್ಪ ಕಲ್ಪಿಸಿಕೊಳ್ಳಿ. ಬೀದಿಯ ಕಡೆಗೆ ನೆಟ್ ಪರದೆ. ಅದರ ಒಳಗೆ ಲೇಸ್‌ನ ಇನ್ನೊಂದು ಪರದೆ. ಅದರ ಮುಂದೆ ಎರಡೂ ಬದಿಗೆ ದಪ್ಪ ಉಣ್ಣೆಯದೋ ಮಖಮಲ್ಲಿನದೋ ಪರದೆ. ಇವೆಲ್ಲದರ ಮೇಲೆ ಅಡ್ಡಲಾಗಿ ಕುಚ್ಚು, ಜೂಲು ಹಾಕಿದ ಒಂದು ಝಾಲರು. ಇದ್ದದ್ದೇ ಕಡಿಮೆ ಬಿಸಿಲಿನ ದೇಶ. ಅದರಲ್ಲಿ ನಾಲ್ಕು ಪದರ! ಕೋಣೆ ಗವಿಯ ಹಾಗೆ. ದೂಳು ಕೂತರೆ ತೊಳೆಯುವ ಮಾತೇ ಇಲ್ಲ. ಗಾಳಿ, ಬೆಳಕು, ಒಗೆಯಲು ಬರುವ ಬಟ್ಟೆ ಬೇಕು ಎಂದು ಆರೋಗ್ಯದ ಕಾಳಜಿ ಇದ್ದವರು ಗದ್ದಲ ಎಬ್ಬಿಸಿದ್ದು ಸುಮ್ನೆ ಅಲ್ಲ.

1900ರ ನಂತರ ಒಂದು ಹೊಸ ಮಾತು ಜರ್ಮನ್ ಅಂಗಡಿಗಳ ಜಾಹೀರಾತಿಗೆ ಬಂತು: ಕ್ಯುನ್ಸ್ಟ್ಲರ್‌ಗಾರ್ಡಿನೆನ್, ಅಂದರೆ ಕಲಾವಿದರ ಪರದೆ. ಮೂರು ತುಂಡಿನ ಸೆಟ್. ಎರಡು ಬದಿಗೆ ಎರಡು, ಮೇಲೆ ಅಡ್ಡಕ್ಕೆ ಒಂದು ಗಿಡ್ಡ ಪಟ್ಟಿ. ಯಂತ್ರದಲ್ಲೇ ಆದ ತೆಳು ಬಟ್ಟೆ. ಹಳೆಯ ನಾಲ್ಕು ಪದರದ ಜಾಗದಲ್ಲಿ ಇದೊಂದೇ. ಎಲ್ಲ ಸೆಟ್‌ಗಳನ್ನೂ ಕಲಾವಿದರೇ ಬರೆದಿದ್ದರು ಎಂದು ನಂಬಬೇಡಿ. ಒಳ್ಳೆ ಹೆಸರು ಓಡತೊಡಗಿದರೆ ವ್ಯಾಪಾರಿ ಅದನ್ನು ಎಲ್ಲದಕ್ಕೂ ಅಂಟಿಸುತ್ತಾನೆ. ಆದರೂ ಒಂದು ಬದಲಾವಣೆ ನಿಜವಾಗಿಯೂ ಆಗಿತ್ತು. ಪರದೆ ಬಟ್ಟೆಗೆ ಚಿತ್ರ ಬರೆಯುವುದು ದೊಡ್ಡ ಕಲಾವಿದರಿಗೂ ಮರ್ಯಾದೆಯ ಕೆಲಸ ಎನಿಸಿತ್ತು.

ಅವರಲ್ಲಿ ನನ್ನ ಪ್ರೀತಿಯ ಮನುಷ್ಯ ಮ್ಯೂನಿಕ್‌ನ ರಿಚರ್ಡ್ ರೀಮರ್‌ಶ್ಮಿಡ್. ಹುಟ್ಟಿದ್ದು 1868ರಲ್ಲಿ. ಕಲಿತದ್ದು ಚಿತ್ರಕಲೆ. ಕಾರ್ಲ್ ಶ್ಮಿಟ್ ಎಂಬ ಬಡಗಿ 1898ರಲ್ಲಿ ಡ್ರೆಸ್ಡೆನ್‌ನಲ್ಲಿ ಶುರು ಮಾಡಿದ ಕಾರ್ಖಾನೆಗೆ ಈತ ಯಂತ್ರದಲ್ಲೇ ಮಾಡಬಹುದಾದ ಪೀಠೋಪಕರಣ ವಿನ್ಯಾಸ ಮಾಡಿಕೊಟ್ಟ. 1906ರ ಡ್ರೆಸ್ಡೆನ್ ಪ್ರದರ್ಶನದಲ್ಲಿ ಅವನ್ನು ಜನ ನೋಡಿದರು. ಯಂತ್ರದ್ದು ಎಂದು ಮುಚ್ಚಿಡದೆ, ಯಂತ್ರದ್ದು ಎಂದೇ ಹೇಳಿ ಮಾರಿದರು. ಅದೇ ಕಾರ್ಖಾನೆಗೆ ಆತ ಬಟ್ಟೆಯ ನಕ್ಷೆಗಳನ್ನೂ ಬರೆದ. ಚುಕ್ಕಿ, ಪುಟ್ಟ ಎಲೆ, ಹೂ ಎನ್ನಬಹುದಾದ ಒಂದು ಗುಂಡು, ಬಾಗಿದ ಗೆರೆ. ಇಷ್ಟೇ. ಮೇಜಿನ ಮೇಲೆ ಹಾಸಿದರೆ "ಏನು ಮಹಾ ಇದೆ ಇದರಲ್ಲಿ" ಅನಿಸುತ್ತದೆ.

ಮಹಾ ಇರುವುದು ಲೆಕ್ಕದಲ್ಲಿ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ನನ್ನ ತಾವರೆ ಸತ್ತದ್ದು ಇದೇ ಜಾಗದಲ್ಲಿ.

ಜಕಾರ್ಡ್ ಮಗ್ಗದಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಹೋಗುವ, ಎಳೆಗಳನ್ನು ಎತ್ತುವುದು ಮೇಲಿನ ಪೆಟ್ಟಿಗೆಯ ಕೊಕ್ಕೆಗಳು. ಪೆಟ್ಟಿಗೆಯಲ್ಲಿ 400 ಕೊಕ್ಕೆ ಇದೆ ಎಂದುಕೊಳ್ಳಿ. ಬಟ್ಟೆಯಲ್ಲಿ ಒಂದು ಸೆಂಟಿಮೀಟರಿಗೆ 20 ಎಳೆ. ಆಗ ಬೇರೆ ಬೇರೆಯಾಗಿ ಎತ್ತಬಹುದಾದ ಎಳೆಗಳು 20 ಸೆಂಟಿಮೀಟರಿಗೆ ಮುಗಿದವು. ಅಲ್ಲಿಂದ ಚಿತ್ರ ಮತ್ತೆ ಮೊದಲಿನಿಂದ. 120 ಸೆಂಟಿಮೀಟರ್ ಅಗಲದ ಪನ್ನದಲ್ಲಿ ಅದೇ ಚಿತ್ರ ಆರು ಸಲ. ಇದಕ್ಕೆ ನಾವು ರಿಪೀಟ್ ಅನ್ನುತ್ತೇವೆ. ಉದ್ದಕ್ಕೆ ಇನ್ನೊಂದು ಲೆಕ್ಕ. ಲಾಳಿ ಒಂದು ಸಲ ಓಡಿದರೆ ತೂತುಗಳನ್ನು ಹೊಡೆದ ಕಾರ್ಡ್ ಒಂದು ಬೇಕು, ಯಾವ ಕೊಕ್ಕೆ ಏಳಬೇಕು ಎಂದು ಹೇಳುವುದು ಅದೇ. ಸೆಂಟಿಮೀಟರಿಗೆ 20 ಹೊಕ್ಕು, ಅಂದರೆ ಅಡ್ಡ ಎಳೆ, ಇದ್ದರೆ, 20 ಸೆಂಟಿಮೀಟರ್ ಎತ್ತರದ ಚಿತ್ರಕ್ಕೆ 400 ಕಾರ್ಡು. 5 ಸೆಂಟಿಮೀಟರ್ ಎತ್ತರದ್ದಾದರೆ 100 ಕಾರ್ಡು ಸಾಕು. ಕಾರ್ಡ್ ಹೊಡೆಯುವ ಕೂಲಿ, ಸಮಯ, ತಪ್ಪಾದರೆ ತಿದ್ದುವ ಖರ್ಚು ಎಲ್ಲವೂ ಇಳಿಯುತ್ತದೆ. ಹಾಗಾಗಿ ಚಿಕ್ಕ ನಕ್ಷೆ ಮೊದಲನೆಯದಾಗಿ ಅಗ್ಗ.

ಎರಡನೆಯದು ನೆರಿಗೆ. ಸೀರೆ ಉಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೆರಗಿನ ದೊಡ್ಡ ಚಿತ್ತಾರ ಹೆಗಲಿಂದ ಹರಡಿ ಇಳಿಯುತ್ತದೆ, ಅದಕ್ಕೇ ಚಂದ. ನೆರಿಗೆ ಬರುವ ಕಡೆ ಒಡಲಲ್ಲಿ ಸಣ್ಣ ಬುಟ್ಟಾ ಇರುತ್ತದೆ. ಪರದೆ ಎಂದರೆ ಪೂರ್ತಿ ನೆರಿಗೆಯೇ. ಆರಡಿ ಕಿಟಕಿಗೆ ನಾವು ಹನ್ನೆರಡು ಅಡಿ ಬಟ್ಟೆ ಹಾಕುತ್ತೇವೆ. ಅದರಲ್ಲಿ ಅರ್ಧ ಬಟ್ಟೆ ಮಡಿಕೆಯ ಒಳಗೆ ಹೋಗುತ್ತದೆ. ಮಡಿಕೆಯ ಉಬ್ಬಿನಲ್ಲಿ ಕಣ್ಣಿಗೆ ನೇರವಾಗಿ ಕಾಣುವುದು ಮೂರು ನಾಲ್ಕು ಇಂಚು ಅಷ್ಟೇ. ಒಂದೂವರೆ ಅಡಿಯ ತಾವರೆ ಅಲ್ಲಿ ಹೇಗೆ ಹಿಡಿಸಬೇಕು? ರೀಮರ್‌ಶ್ಮಿಡ್‌ನ ಎಲೆ ಪುಟ್ಟದು. ಪ್ರತಿ ಉಬ್ಬಿನಲ್ಲೂ ಒಂದೆರಡು ಪೂರ್ತಿ ಎಲೆ ಸಿಗುತ್ತದೆ. ಗಾಳಿಗೆ ಮಡಿಕೆ ಸರಿದರೆ ಇನ್ನೊಂದು ಎಲೆ ಆ ಜಾಗಕ್ಕೆ ಬರುತ್ತದೆ. ಬಟ್ಟೆ ತೂಗಾಡಿದರೂ ಚಿತ್ರ ಚಿಂದಿಯಾಗುವುದಿಲ್ಲ. ಮಗ್ಗದ ಮಿತಿ, ಕಾರ್ಡಿನ ಖರ್ಚು, ನೆರಿಗೆಯ ಸ್ವಭಾವ ಮೂರೂ ಒಂದೇ ಕಡೆಗೆ ಕೈ ತೋರಿಸುತ್ತಿದ್ದವು. ಆತ ಸುಮ್ಮನೆ ಆ ಕಡೆ ನಡೆದ.

1907ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಡಾಯ್ಚರ್ ವೆರ್ಕ್‌ಬುಂಡ್ ಹುಟ್ಟಿತು. ಹನ್ನೆರಡು ಕಲಾವಿದರು, ಹನ್ನೆರಡು ಕಂಪನಿಗಳು ಸೇರಿ ಕಟ್ಟಿದ ಸಂಘ. ಕಲಾವಿದರಲ್ಲಿ ರೀಮರ್‌ಶ್ಮಿಡ್, ಪೀಟರ್ ಬೆಹ್ರೆನ್ಸ್, ಬ್ರೂನೋ ಪೌಲ್ ಇದ್ದರು. ಕಂಪನಿಗಳ ಪಟ್ಟಿಯಲ್ಲಿ ಗೊಟ್ಲೋಬ್ ವುಂಡರ್‌ಲಿಷ್ ಎಂಬ ಸ್ಯಾಕ್ಸನಿಯ ನೇಯ್ಗೆ ಕಾರ್ಖಾನೆಯೂ ಇತ್ತು. ಯಂತ್ರದಿಂದ ಬರುವ ಸರಕು ಕೀಳು ಎಂಬ ಮಾತನ್ನು ಸುಳ್ಳು ಮಾಡಬೇಕು ಎಂಬುದು ಅವರ ಹಟ. ಏಳು ವರ್ಷದ ನಂತರ, 1914ರಲ್ಲಿ ಕೊಲೋನ್ ಪ್ರದರ್ಶನದ ಹೊತ್ತಿಗೆ ಒಳಗೇ ದೊಡ್ಡ ಜಗಳವಾಯಿತು. ವಸ್ತುಗಳಿಗೆ ಸ್ಥಿರವಾದ ಮಾದರಿಗಳು ಬೇಕು ಎಂದು ವಾಸ್ತುಶಿಲ್ಪಿ ಹೆರ್ಮಾನ್ ಮುಥೇಸಿಯಸ್. ಕಲಾವಿದನ ಕೈ ಕಟ್ಟಬೇಡಿ ಎಂದು ಇನ್ನೊಬ್ಬ ವಾಸ್ತುಶಿಲ್ಪಿ ಹೆನ್ರಿ ವಾನ್ ಡೆ ವೆಲ್ಡೆ. ಈ ಜಗಳದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಮಗ್ಗದ ಮುಂದೆ ಕೂತವರಿಗೆ ಇದು ಅಷ್ಟು ದೊಡ್ಡ ಜಗಳ ಅನಿಸುವುದಿಲ್ಲ. 400 ಕೊಕ್ಕೆ ಇದ್ದರೆ ಇದೆ. ಅದರೊಳಗೆ ಏನು ಮಾಡುತ್ತೀಯೋ ಮಾಡು.

ಇನ್ನು ಬಣ್ಣ. ಗಿರಾಕಿಗಳು ಬಟ್ಟೆಯ ಚಿತ್ರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಬಣ್ಣ ಎಷ್ಟು ವರ್ಷ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಪರದೆಯಷ್ಟು ಬಿಸಿಲು ತಿನ್ನುವ ಬಟ್ಟೆ ಮನೆಯಲ್ಲಿ ಬೇರೆ ಇಲ್ಲ. ದಿನವೂ, ವರ್ಷಗಟ್ಟಲೆ, ಗಾಜಿನ ಹಿಂದೆ. 19ನೇ ಶತಮಾನದ ಮೊದಮೊದಲ ಕೃತಕ ಬಣ್ಣಗಳು ಕಣ್ಣು ಕುಕ್ಕುತ್ತಿದ್ದವು, ಬಿಸಿಲಿಗೆ ಬೇಗ ಮಾಸುತ್ತಿದ್ದವು. 1901ರಲ್ಲಿ ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ಕಂಪನಿಯ ರೆನೆ ಬೋನ್ ಒಂದು ನೀಲಿಯನ್ನು ಕಂಡುಹಿಡಿದ. ನೀಲಿ ಗಿಡದ ಬಣ್ಣದ ಹಾಗೆ ನೀರಿನಲ್ಲಿ ಕರಗದ್ದು. ರಾಸಾಯನಿಕ ಹಾಕಿ ಕರಗಿಸಿ, ನೂಲಿನೊಳಗೆ ಇಳಿಸಿ, ಗಾಳಿಗೆ ಹಿಡಿದರೆ ಅಲ್ಲೇ ಮತ್ತೆ ಗಟ್ಟಿಯಾಗಿ ಕೂತುಬಿಡುತ್ತದೆ. ಒಗೆತಕ್ಕೂ ಬಗ್ಗದು, ಬಿಸಿಲಿಗೂ ಬಗ್ಗದು. ಇಂಡಾಂತ್ರೆನ್ ಎಂದು ಅದಕ್ಕೆ ಹೆಸರಿಟ್ಟರು. ಅದೇ ಜಾತಿಯ ಬೇರೆ ಬಣ್ಣಗಳೂ ಹಿಂದೆಯೇ ಬಂದವು. 1920ರ ದಶಕದಲ್ಲಿ ಬಟ್ಟೆಯ ಚೀಟಿಯ ಮೇಲೆ ಸೂರ್ಯ, ಮಳೆ ಎರಡರ ಚಿತ್ರ ಇರುವ ಇಂಡಾಂತ್ರೆನ್ ಗುರುತು ಬಂತು. ಎರಡಕ್ಕೂ ಜಗ್ಗದು ಎಂಬ ಭರವಸೆ ಅದು. ನಮ್ಮ ಬಣ್ಣದ ಮನೆಗಳಲ್ಲಿ "ವ್ಯಾಟ್ ಡೈ" ಎಂದು ಇವತ್ತಿಗೂ ಕರೆಯುವುದು ಇದೇ ಜಾತಿಯನ್ನು. ಹತ್ತಿ ಪರದೆಗೆ ನಾನು ಈಗಲೂ ಕೇಳುವುದು ಇದನ್ನೇ. ಬೆಲೆ ಜಾಸ್ತಿ, ಹೌದು. ಪಶ್ಚಿಮದ ಕಿಟಕಿಗೆ ಬೇರೆ ದಾರಿ ಇಲ್ಲ.

ಜರ್ಮನಿ, ನೇಯ್ಗೆ ಎಂದ ಕೂಡಲೇ ಮಂಗಳೂರಿನ ಓದುಗರಿಗೆ ಬಾಸೆಲ್ ಮಿಷನ್ ನೆನಪಾಗುತ್ತದೆ. 1851ರಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ ಬಂದು ಅಲ್ಲಿ ಹೊಸ ಬಗೆಯ ಮಗ್ಗ ಹಾಕಿದ, ಖಾಕಿ ಬಣ್ಣವೂ ಆ ಕಾರ್ಖಾನೆಯಿಂದಲೇ ಬಂತು ಎನ್ನುತ್ತಾರೆ. ಅದೊಂದು ಬೇರೆಯೇ ಕಥೆ, ಗಟ್ಟಿ ಬಟ್ಟೆಯ ಕಥೆ. ಇಲ್ಲಿಗೆ ಎಳೆದು ತರುವುದಿಲ್ಲ.

ಮೊದಲ ಮಹಾಯುದ್ಧದ ನಂತರ ಕಿಟಕಿಯೇ ಬದಲಾಯಿತು. ಗೋಡೆಯಲ್ಲಿ ತೂತು ಕೊರೆದ ಹಾಗಿದ್ದ ಕಿಟಕಿ ಹೋಗಿ ಉದ್ದೋ ಉದ್ದದ ಗಾಜು ಬಂತು. ಡೆಸಾವ್ ಊರಿನಲ್ಲಿ 1926ರಲ್ಲಿ ಎದ್ದು ನಿಂತ ಬೌಹೌಸ್ ಎಂಬ ವಿನ್ಯಾಸ ಶಾಲೆಯ ಕಾರ್ಯಾಗಾರಕ್ಕಂತೂ ಮೂರು ಮಹಡಿಗೆ ಗಾಜೇ ಗೋಡೆ. ಅಂಥ ಗೋಡೆಗೆ ವಾಸ್ತುಶಿಲ್ಪಿಗಳ ಮಾತಿನಲ್ಲಿ ಪರದೆ ಗೋಡೆ ಎಂದೇ ಹೆಸರು. ತಮಾಷೆ ಏನೆಂದರೆ ಬೇಸಿಗೆಯಲ್ಲಿ ಒಳಗೆ ಬೇಯುತ್ತಿದ್ದವರಿಗೆ ಬೇಕಾಗಿದ್ದದ್ದು ನಿಜವಾದ ಪರದೆ.

ಇಂಥ ಕಟ್ಟಡಗಳಲ್ಲಿ ಪರದೆ ಕಿಟಕಿಯ ಅಲಂಕಾರವಾಗಿ ಉಳಿಯಲಿಲ್ಲ. ಕೋಣೆಗೆ ಗೋಡೆಯಾಯಿತು. 1927ರಲ್ಲಿ ಬರ್ಲಿನ್‌ನ ಒಂದು ಫ್ಯಾಷನ್ ಪ್ರದರ್ಶನದಲ್ಲಿ ವಿನ್ಯಾಸಗಾರ್ತಿ ಲಿಲಿ ರೈಷ್ ಮತ್ತು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಒಂದು ಕಾಫಿ ಅಂಗಡಿ ಮಾಡಿದರು. ಗೋಡೆಗಳೇ ಇಲ್ಲ. ಬಾಗಿಸಿದ ಉಕ್ಕಿನ ಕೊಳವೆಗಳಿಂದ ಮಖಮಲ್ಲು, ರೇಷ್ಮೆ ಇಳಿಬಿಟ್ಟಿದ್ದರು. ಕಪ್ಪು, ಕೆಂಪು, ಕಿತ್ತಳೆ ಮಖಮಲ್ಲು. ಬಂಗಾರ, ಬೆಳ್ಳಿ, ನಿಂಬೆ ಹಳದಿ ರೇಷ್ಮೆ. ಒಂದು ಹೂವಿಲ್ಲ, ಒಂದು ಎಲೆಯಿಲ್ಲ. ಖರ್ಚು ಜರ್ಮನ್ ರೇಷ್ಮೆ ಉದ್ಯಮದ್ದು. ನೆರಿಗೆ, ಅದರ ನೆರಳು, ಬಟ್ಟೆಯ ಹೊಳಪು ಇವೇ ಅಲ್ಲಿ ಚಿತ್ರ. ಈ ಕೋಣೆಯ ಕಪ್ಪುಬಿಳುಪು ಫೋಟೋಗಳನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಕಿಚ್ಚು.

ಬೌಹೌಸ್ ಶಾಲೆ ಶುರುವಾದದ್ದು 1919ರಲ್ಲಿ, ವೈಮಾರ್‌ನಲ್ಲಿ. ಗಂಡು ಹೆಣ್ಣು ಸಮಾನ ಎಂದು ಘೋಷಿಸಿ, ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ನೇಯ್ಗೆ ವಿಭಾಗಕ್ಕೆ ದಬ್ಬಿದರು. ಅದು ಅನ್ಯಾಯವೇ. ಆದರೆ ಕಾರ್ಖಾನೆಗಳ ಜೊತೆ ಚೆನ್ನಾಗಿ ಕೆಲಸ ಮಾಡಿದ ವಿಭಾಗಗಳಲ್ಲಿ ಅದೂ ಒಂದಾಯಿತು. 1927ರಿಂದ ಅದನ್ನು ನಡೆಸಿದವಳು ಗುಂಟಾ ಷ್ಟೋಲ್ಟ್ಸ್ಲ್. ಶಿಕ್ಷಕರ ದರ್ಜೆಯಲ್ಲಿ ಮಾಸ್ಟರ್ ಎನಿಸಿಕೊಂಡ ಏಕೈಕ ಹೆಣ್ಣು. ಅವಳ ಕೈಕೆಳಗೆ ಹುಡುಗಿಯರು ಕೈಮಗ್ಗದ ಮೇಲೆ ಸಣ್ಣ ಸಣ್ಣ ತುಂಡುಗಳನ್ನು ನೇಯ್ದು ನೋಡುತ್ತಿದ್ದರು. ಅವು ಮಾರುವುದಕ್ಕಲ್ಲ, ಕಾರ್ಖಾನೆಯ ಮಗ್ಗಕ್ಕೆ ಕೊಡುವ ಮಾದರಿಗಳು. ಹತ್ತಿಯ ಜೊತೆ ಕೃತಕ ರೇಷ್ಮೆ, ಲೋಹದ ಎಳೆ, ಸೆಲೋಫೇನ್ ಎಂಬ ಹೊಳೆಯುವ ತೆಳು ಹಾಳೆಯ ಪಟ್ಟಿ. ಬಟ್ಟೆ ಬೆಳಕನ್ನು ಎಷ್ಟು ಬಿಡುತ್ತದೆ, ಮುಟ್ಟಿದರೆ ಹೇಗಿರುತ್ತದೆ, ಜೋತುಬಿದ್ದರೆ ಹೇಗೆ ಮಡಿಯುತ್ತದೆ ಎಂಬುದೇ ಅವರ ಪ್ರಶ್ನೆ.

ಇದರ ಒಳ್ಳೆಯ ಉದಾಹರಣೆ ಆ ವಿಭಾಗದ ವಿದ್ಯಾರ್ಥಿನಿ ಆನಿ ಆಲ್ಬರ್ಸ್ ನೇಯ್ದದ್ದು. ಬರ್ಲಿನ್ ಹತ್ತಿರದ ಬೆರ್ನಾವ್‌ನಲ್ಲಿ ಕಾರ್ಮಿಕ ಸಂಘಗಳಿಗಾಗಿ ವಾಸ್ತುಶಿಲ್ಪಿ ಹಾನೆಸ್ ಮೆಯರ್ 1928ರಿಂದ 1930ರ ನಡುವೆ ಒಂದು ಶಾಲೆ ಕಟ್ಟಿದ. ಅದರ ಸಭಾಂಗಣದಲ್ಲಿ ಪ್ರತಿಧ್ವನಿ ಏಳುತ್ತಿತ್ತು. ಮಾಮೂಲಿ ಔಷಧ ಎಂದರೆ ಗೋಡೆಗೆ ದಪ್ಪ ಮಖಮಲ್ಲು. ಕೈಕೊಳೆ ಕಾಣದಿರಲಿ ಎಂದು ಕಡುಬಣ್ಣದ್ದು. ಆದರೆ ಅದು ಸದ್ದಿನ ಜೊತೆ ಬೆಳಕನ್ನೂ ನುಂಗುತ್ತದೆ. ಆನಿ ಒಂದೇ ಬಟ್ಟೆಗೆ ಎರಡು ಮುಖ ಕೊಟ್ಟಳು. ಹಿಂದೆ ಶೆನಿಲ್ ಎಂಬ ಮೃದುವಾದ ಜುಂಗಿನ ನೂಲು, ಸದ್ದು ಹೀರಲು. ಮುಂದೆ ಸೆಲೋಫೇನ್, ಬೆಳಕನ್ನು ವಾಪಸ್ ಕಳಿಸಲು. 1930ರಲ್ಲಿ ಅವಳಿಗೆ ಡಿಪ್ಲೊಮಾ ತಂದುಕೊಟ್ಟದ್ದು ಈ ಬಟ್ಟೆ. ಅದು ಪರದೆಯಲ್ಲ, ಗೋಡೆಯ ಬಟ್ಟೆ, ಒಪ್ಪುತ್ತೇನೆ. ಆದರೆ ಇವತ್ತು ಹಿಂದೆ ಬೆಳಕು ತಡೆಯುವ ಬ್ಲಾಕೌಟ್ ಪದರ, ಮುಂದೆ ಹೊಳೆಯುವ ಮೈ ಇರುವ ಪರದೆ ಬಟ್ಟೆಯನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾಗುವುದು ಅವಳೇ.

ಅದೇ ನೇಯ್ಗೆ ವಿಭಾಗದ ಒಟ್ಟಿ ಬರ್ಗರ್ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ. ಈಗಿನ ಕ್ರೊಯೇಷಿಯಾದ ಒಂದು ಹಳ್ಳಿಯಲ್ಲಿ 1898ರಲ್ಲಿ ಹುಟ್ಟಿದವಳು. ಅವಳಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬಟ್ಟೆಯನ್ನು ಕೈಯಿಂದಲೇ ಅರಿಯಬೇಕು ಎಂದು ಬರೆದಳು. 1932ರಲ್ಲಿ ಬರ್ಲಿನ್‌ನಲ್ಲಿ ತನ್ನದೇ ಕಾರ್ಯಾಗಾರ ತೆರೆದು ಕಾರ್ಖಾನೆಗಳಿಗೆ ಪರದೆ ಬಟ್ಟೆ, ಕುರ್ಚಿ ಬಟ್ಟೆ ವಿನ್ಯಾಸ ಮಾಡಿಕೊಟ್ಟಳು. ತನ್ನ ನೇಯ್ಗೆಗೆ ಪೇಟೆಂಟ್ ಪಡೆದಳು. ಬಟ್ಟೆಯ ಮೇಲೆ ತನ್ನ ಹೆಸರಿನ ಮೊದಲಕ್ಷರಗಳು ಇರಲೇಬೇಕು ಎಂದು ಹಟ ಹಿಡಿದಳು. ಪ್ಲಾವೆನ್‌ನ ಹೆಸರಿಲ್ಲದ ನಕ್ಷೆಗಾರರನ್ನು ನೆನೆದರೆ ಆ ಹಟದ ಬೆಲೆ ತಿಳಿಯುತ್ತದೆ. ಅವಳು ಯಹೂದಿ. ನಾಜಿ ಸರ್ಕಾರ 1936ರಲ್ಲಿ ಅವಳ ಕಸುಬನ್ನೇ ನಿಲ್ಲಿಸಿತು. ಲಂಡನ್‌ಗೆ ಹೋದಳು, ತಾಯಿಗೆ ಹುಷಾರಿಲ್ಲ ಎಂದು ಊರಿಗೆ ಮರಳಿದಳು. 1944ರಲ್ಲಿ ನಾಜಿಗಳು ಆಶ್‌ವಿಟ್ಸ್ ಶಿಬಿರದಲ್ಲಿ ಅವಳನ್ನು ಕೊಂದರು. ಬೌಹೌಸ್ ಶಾಲೆ ಅದಕ್ಕೂ ಮೊದಲೇ, 1933ರಲ್ಲಿ ಮುಚ್ಚಿತ್ತು.

ಬೌಹೌಸ್ ಬಂದು ಹೂವನ್ನು ಹೊರಗೆ ಹಾಕಿತು, ಅಲ್ಲಿಂದ ಪರದೆ ಉದ್ಧಾರವಾಯಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೂವಿನದ್ದೇನೂ ತಪ್ಪಿರಲಿಲ್ಲ. ರೀಮರ್‌ಶ್ಮಿಡ್ ಹೂವು ಇಟ್ಟುಕೊಂಡೇ ನೆರಿಗೆಯನ್ನು ಗೆದ್ದ. ಆನಿ ಮತ್ತು ಒಟ್ಟಿ ಹೂವಿಲ್ಲದೆ ಬೆಳಕನ್ನು ಗೆದ್ದರು. ಮೂವರೂ ಬಟ್ಟೆಯನ್ನು ನೇತುಹಾಕಿದ ಸ್ಥಿತಿಯಲ್ಲಿ ಯೋಚಿಸಿದರು. ನಾನು ಮೇಜಿನ ಮೇಲೆ ಹಾಸಿ ಯೋಚಿಸಿದ್ದೆ.

ಈಗ ನನ್ನ ಪದ್ಧತಿ ಬೇರೆ. ಮಾದರಿ ತುಂಡು ಒಂದು ಮೀಟರಿಗಿಂತ ಕಡಿಮೆ ಇದ್ದರೆ ಗಿರಾಕಿಗೆ ತೋರಿಸುವುದೇ ಇಲ್ಲ. ಕೈಯಲ್ಲೇ ನೆರಿಗೆ ಹಿಡಿದು ಅವರ ಕಿಟಕಿಗೇ ಕ್ಲಿಪ್ ಹಾಕಿ ತೂಗುಬಿಡುತ್ತೇನೆ. ಬೆಳಗ್ಗೆ ಹನ್ನೊಂದಕ್ಕೆ ಒಮ್ಮೆ ನೋಡಿ. ಬಿಸಿಲು ಹಿಂದಿನಿಂದ ಬಂದಾಗ ಬಣ್ಣ ಹೋಗಿ ನೇಯ್ಗೆ ಮಾತ್ರ ಉಳಿಯುತ್ತದೆ. ಸಂಜೆ ದೀಪ ಹಾಕಿ ಬೀದಿಗೆ ಹೋಗಿ ಅಲ್ಲಿಂದ ನೋಡಿ. ಆ ಕಡೆಯ ಮುಖ ನಿಮ್ಮದಲ್ಲ, ಎದುರು ಮನೆಯವರದ್ದು. ಒಳಗಿರುವವರು ಎಷ್ಟು ಕಾಣುತ್ತಾರೆ ಎಂಬುದೂ ಆಗಲೇ ಗೊತ್ತಾಗುವುದು. ಆಮೇಲೆ ಒಂದು ಮೂಲೆಯನ್ನು ಕತ್ತರಿಸಿ ಒಗೆದು ಅಳೆಯಿರಿ. ಹತ್ತಿ ಪರದೆ ಎರಡು ಇಂಚು ಕುಗ್ಗಿ ನೆಲ ಬಿಟ್ಟು ನಿಂತರೆ ಎಷ್ಟು ಕೆಟ್ಟದಾಗಿ ಕಾಣುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಮನೆಗೆ ನಾನು ನನ್ನ ಖರ್ಚಿನಲ್ಲೇ ಬೇರೆ ಪರದೆ ಹಾಕಿಸಿಕೊಟ್ಟೆ. ಎರಡು ಇಂಚಿನ ಬೇವಿನೆಲೆಯ ನಕ್ಷೆ. ಅಜ್ಜಿ ಏನೂ ಹೇಳಲಿಲ್ಲ. ಅದನ್ನೇ ಮೆಚ್ಚುಗೆ ಎಂದು ತಿಳಿದುಕೊಂಡೆ. ತಾವರೆ ಬಟ್ಟೆ ಬಿಚ್ಚಿಸಿ ತಂದದ್ದು ನನ್ನ ಕಾರ್ಯಾಗಾರದ ದೊಡ್ಡ ಮೇಜಿನ ಮೇಲಿದೆ. ಅಲ್ಲಿ ಒಂದೂ ನೆರಿಗೆ ಇಲ್ಲ, ಹೂವು ಪೂರ್ತಿ ಕಾಣುತ್ತದೆ.